ಯಾವ ಟೆಸ್ಟ್ ಹಾಕಬೇಕು? ಹೈಸ್ಕೂಲ್ ಮಕ್ಕಳಿಗೆ ಆರಿಸುವುದನ್ನು ಕಲಿಸುವ ಬಗೆ

ಅಂಕಿಗಳಲ್ಲಿ ಕಾಣುವ ವ್ಯತ್ಯಾಸ ನಿಜವೋ ಬರೀ ಆಕಸ್ಮಿಕವೋ ಎಂದು ತೂಗಿ ನೋಡುವ ಲೆಕ್ಕಕ್ಕೆ ಸಂಖ್ಯಾಶಾಸ್ತ್ರದಲ್ಲಿ ಟೆಸ್ಟ್ ಎನ್ನುತ್ತಾರೆ. ಅದನ್ನು ಕಲಿಸುವ ಶಿಕ್ಷಕರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. "ಮಕ್ಕಳು ಲೆಕ್ಕ ಚೆನ್ನಾಗಿಯೇ ಮಾಡ್ತಾರೆ. ಯಾವ ಟೆಸ್ಟ್ ಅಂತ ಹೇಳಿಬಿಟ್ಟರೆ ಉತ್ತರ ತಂದುಕೊಡ್ತಾರೆ. ಆದರೆ ಪ್ರಶ್ನೆ ಮಾತ್ರ ಕೊಟ್ಟು ಟೆಸ್ಟ್ ನೀವೇ ಆರಿಸಿ ಅಂದರೆ ಸುಮ್ನೆ ಕೂತುಬಿಡ್ತಾರೆ, ಇಲ್ಲವೇ ಬಾಯಿಗೆ ಬಂದ ಹೆಸರು ಹೇಳ್ತಾರೆ. ಏನು ಮಾಡೋದು?"

ಇದು ಮಕ್ಕಳ ತಪ್ಪಲ್ಲ. ನಾವು ಕಲಿಸುವ ಕ್ರಮವೇ ಹಾಗಿದೆ. ಒಂದು ಅಧ್ಯಾಯದಲ್ಲಿ ಟಿ-ಟೆಸ್ಟ್ (ಸರಾಸರಿಗಳನ್ನು ಹೋಲಿಸುವ ಟೆಸ್ಟ್), ಅದರ ಕೊನೆಯಲ್ಲಿ ಹತ್ತು ಲೆಕ್ಕ, ಹತ್ತಕ್ಕೂ ಟಿ-ಟೆಸ್ಟೇ. ಮುಂದಿನ ಅಧ್ಯಾಯದಲ್ಲಿ ಕೈ-ಸ್ಕ್ವೇರ್ (ಎಣಿಕೆಗಳನ್ನು ಹೋಲಿಸುವ ಟೆಸ್ಟ್), ಮತ್ತೆ ಹತ್ತು ಲೆಕ್ಕ. ಆರಿಸುವ ಕೆಲಸವನ್ನು ಅಧ್ಯಾಯದ ಹೆಸರೇ ಮಾಡಿ ಮುಗಿಸಿರುತ್ತದೆ. ಮಗು ಒಂದು ಸಲವೂ ತಾನೇ ಆರಿಸಿರುವುದಿಲ್ಲ, ಆಮೇಲೆ ಅಂತಿಮ ಪರೀಕ್ಷೆಯಲ್ಲಿ ಏಕಾಏಕಿ ಆರಿಸು ಅನ್ನುತ್ತೇವೆ.

ಇದಕ್ಕೆ ಹೆಚ್ಚಿನವರು ಕೊಡುವ ಮದ್ದು ಫ್ಲೋಚಾರ್ಟ್. ಬಾಣದ ಗುರುತು ಹಿಡಿದು ಹೋದರೆ ಟೆಸ್ಟಿನ ಹೆಸರು ಸಿಗುತ್ತದೆ. ನಾನೂ ಹಲವು ವರ್ಷ ಅದನ್ನೇ ಹಂಚಿದ್ದೇನೆ. ತೊಂದರೆ ಎಲ್ಲಿ ಅಂದರೆ, ಚಾರ್ಟಿನ ಮೊದಲ ಪೆಟ್ಟಿಗೆಯಲ್ಲೇ "ಡೇಟಾ ಯಾವ ಬಗೆಯದು?" ಎಂದಿರುತ್ತದೆ, ಮಗುವಿಗೆ ಗೊತ್ತಿಲ್ಲದೇ ಇರುವುದು ಅದೇ. ಹಾಗಾಗಿ ಕೆಳಗಿನ ಹಂತಗಳಲ್ಲಿ ಟೆಸ್ಟಿನ ಹೆಸರು ತಡವಾಗಿ ಬರುತ್ತದೆ. ಮೊದಲು ಬರುವುದು ನೋಟ್‌ಬುಕ್ಕಿನ ಒಂದೇ ಒಂದು ಸಾಲು. ಆ ಸಾಲು ಸರಿಯಾಗಿ ಬರೆದ ಮಗುವಿಗೆ ಟೆಸ್ಟ್ ಆರಿಸುವುದು ಕಷ್ಟವಾಗುವುದೇ ಇಲ್ಲ.

ಬೇಕಾಗುವುದು ಇಷ್ಟು

ಮೂರು ಅಥವಾ ನಾಲ್ಕು ಪೀರಿಯಡ್. ಮಕ್ಕಳಿಗೆ ಸರಾಸರಿ ಮತ್ತು ಮಾನಕ ವಿಚಲನೆ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) ಗೊತ್ತಿರಬೇಕು. ಒಂದೊಂದರ ಮೇಲೆ ಒಂದೊಂದು ಪ್ರಶ್ನೆ ಬರೆದ 15-20 ಕಾರ್ಡ್, ಎಲ್ಲ ಬಗೆಯ ಟೆಸ್ಟ್‌ಗಳೂ ಕಲಸಿರಬೇಕು. ಒಂದು ಕ್ಯಾಲ್ಕುಲೇಟರ್ ಅಥವಾ ಸ್ಪ್ರೆಡ್‌ಶೀಟ್. ಆದರೆ ಮೊದಲ ಎರಡು ಪೀರಿಯಡ್ ಅದನ್ನು ಮುಟ್ಟಲು ಬಿಡಬೇಡಿ. ಲೆಕ್ಕ ಕೈಗೆ ಸಿಕ್ಕ ಕೂಡಲೇ ಮಕ್ಕಳ ಯೋಚನೆ ನಿಂತುಹೋಗುತ್ತದೆ.

ಹಂತ 1: ಟೆಸ್ಟ್ ಏನು ಮಾಡುತ್ತದೆ ಎಂದು ಕೈಯಾರೆ ತೋರಿಸಿ

ಹೈಪಾಥಿಸಿಸ್ ಅಂದರೆ ಪರೀಕ್ಷಿಸಿ ನೋಡಬಹುದಾದ ಊಹೆ. ಪುಸ್ತಕಗಳಲ್ಲಿ ಪ್ರಾಕ್ಕಲ್ಪನೆ ಎಂಬ ಪದವೂ ಸಿಗುತ್ತದೆ. ಟೆಸ್ಟ್ ಶುರುವಾಗುವುದು ನಲ್ ಹೈಪಾಥಿಸಿಸ್‌ನಿಂದ. "ಇಲ್ಲಿ ವಿಶೇಷ ಏನೂ ನಡೆದಿಲ್ಲ, ಕಾಣುತ್ತಿರುವ ವ್ಯತ್ಯಾಸ ಬರೀ ಆಕಸ್ಮಿಕ" ಎಂಬ ಊಹೆ ಅದು. ಅದು ನಿಜವೇ ಆಗಿದ್ದರೆ, ನಮಗೆ ಸಿಕ್ಕಷ್ಟು ಅಥವಾ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಸಿಗುವ ಸಾಧ್ಯತೆ ಎಷ್ಟು? ಈ ಸಾಧ್ಯತೆಗೆ ಪಿ-ವ್ಯಾಲ್ಯೂ ಎನ್ನುತ್ತಾರೆ. ಅದು ತೀರಾ ಚಿಕ್ಕದಾದರೆ, ವಾಡಿಕೆಯಲ್ಲಿ 0.05ಕ್ಕಿಂತ ಕಡಿಮೆಯಾದರೆ, ನಲ್ ಹೈಪಾಥಿಸಿಸ್ ಕೈಬಿಡುತ್ತೇವೆ.

ಬಾಯಲ್ಲಿ ಹೇಳಿದರೆ ಇದು ತಲೆಗೆ ಹೋಗುವುದಿಲ್ಲ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ 1935ರಲ್ಲಿ ವಿವರಿಸಿದ ಚಹಾ ಪ್ರಯೋಗವನ್ನು ಚೀಟಿಗಳಲ್ಲಿ ಆಡಿಸಿ. ಕಪ್ಪಿಗೆ ಹಾಲು ಮೊದಲು ಹಾಕಿದ್ದೋ ಚಹಾ ಮೊದಲು ಹಾಕಿದ್ದೋ ಎಂದು ರುಚಿ ನೋಡಿಯೇ ಹೇಳಬಲ್ಲೆ ಎನ್ನುತ್ತಾರೆ ಒಬ್ಬ ಮಹಿಳೆ. 8 ಕಪ್ ಇಡುತ್ತಾರೆ, 4 ಹೀಗೆ, 4 ಹಾಗೆ. ಹಾಲು ಮೊದಲು ಹಾಕಿದ 4 ಯಾವುವು ಎಂದು ಆಕೆ ಆರಿಸಬೇಕು. ಏನೂ ಗೊತ್ತಿಲ್ಲದೆ ಸುಮ್ನೆ ಊಹಿಸಿದರೆ 8ರಲ್ಲಿ 4 ಆರಿಸಲು 70 ದಾರಿಗಳಿವೆ, ಪೂರ್ತಿ ಸರಿಯಾಗುವುದು ಒಂದೇ ದಾರಿ. ಅಂದರೆ 70ಕ್ಕೆ 1, ಸುಮಾರು 0.014. ಒಂದು ಕಪ್ ತಪ್ಪಿ 3 ಮಾತ್ರ ಸರಿಯಾಗಿದ್ದರೆ? 3 ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವ ದಾರಿಗಳು 17, ಅಂದರೆ 0.24. ಅದು ಯಾರಿಗೂ ಆಶ್ಚರ್ಯ ತರುವ ಸಂಗತಿಯಲ್ಲ. 8 ಚೀಟಿ ಮಾಡಿ, 4ರ ಮೇಲೆ ಗುರುತು ಹಾಕಿ, ಮಗುಚಿಟ್ಟು, ತರಗತಿಯ ಪ್ರತಿಯೊಬ್ಬರಿಂದಲೂ 4 ಎತ್ತಿಸಿ. ನಾಲ್ಕಕ್ಕೆ ನಾಲ್ಕೂ ಸಿಗುವುದು ಎಷ್ಟು ಅಪರೂಪ ಎಂದು ಅವರೇ ಕಣ್ಣಾರೆ ನೋಡುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ. "ಪಿ-ವ್ಯಾಲ್ಯೂ 0.03 ಅಂದರೆ ನಲ್ ಹೈಪಾಥಿಸಿಸ್ ನಿಜವಾಗಿರುವ ಸಾಧ್ಯತೆ ಶೇಕಡಾ 3" ಎಂದು ಮಕ್ಕಳು ಬರೆಯುತ್ತಾರೆ. ದೊಡ್ಡವರೂ ಬರೆಯುತ್ತಾರೆ. ಇದು ತಪ್ಪು. ನಲ್ ನಿಜ ಎಂದು ಇಟ್ಟುಕೊಂಡೇ ಆ ಲೆಕ್ಕ ಮಾಡಿದ್ದು, ಹಾಗಿರುವಾಗ ಅದು ನಿಜವೋ ಅಲ್ಲವೋ ಎಂಬ ಸಾಧ್ಯತೆಯನ್ನು ಅದೇ ಲೆಕ್ಕ ಹೇಳಲಾರದು.

ಹಂತ 2: ಪ್ರಶ್ನೆಯನ್ನು ಮನೆಮಾತಿನಲ್ಲಿ ಹೇಳಿಸಿ

ಇದಕ್ಕೆ ಹೆಚ್ಚು ಹೊತ್ತು ಬೇಡ. ಕಾರ್ಡ್ ಓದಿದ ಮಗು ಪುಸ್ತಕ ಮುಚ್ಚಿ, "ನನಗೆ ತಿಳಿಯಬೇಕಾಗಿರುವುದು..." ಎಂದು ಶುರುಮಾಡಿ ಒಂದು ವಾಕ್ಯ ಹೇಳಬೇಕು. ಆ ವಾಕ್ಯದಲ್ಲಿ ಸರಾಸರಿ, ಟೆಸ್ಟ್, ಹೈಪಾಥಿಸಿಸ್ ಮುಂತಾದ ಪದ ಬರಬಾರದು. "ಸಂಗೀತ ಹಾಕಿಕೊಂಡು ಓದಿದರೆ ನೆನಪು ಉಳಿಯುವುದು ಕಡಿಮೆಯಾಗುತ್ತಾ ಅಂತ ತಿಳಿಯಬೇಕು." ಇಷ್ಟು ಸಾಕು. ಈ ವಾಕ್ಯ ಬಾರದಿದ್ದರೆ ಮುಂದೆ ಹೋಗಬೇಡಿ. ಮಗುವಿಗೆ ಪ್ರಶ್ನೆಯೇ ಅರ್ಥವಾಗಿಲ್ಲ ಎಂದು ಲೆಕ್ಕ.

ಹಂತ 3: ಒಂದು ಸಾಲು ಬರೆಸಿ

ಇಡೀ ಪಾಠದ ಜೀವ ಇರುವುದು ಇಲ್ಲಿ. ಮಕ್ಕಳಿಗೆ ಹೀಗೆ ಹೇಳಿ: "ನೀವೇ ಈ ಪ್ರಯೋಗ ಮಾಡುತ್ತಿದ್ದೀರಿ. ಕೈಯಲ್ಲಿ ನೋಟ್‌ಬುಕ್ ಇದೆ. ಮೊದಲ ವ್ಯಕ್ತಿ ಎದುರು ಬಂದು ನಿಂತ. ಅವನ ಬಗ್ಗೆ ಏನು ಬರೆದುಕೊಳ್ಳುತ್ತೀರಿ?" ಬರೆದದ್ದೇ ಒಂದು ಸಾಲು. ವ್ಯಕ್ತಿಯೇ ಆಗಬೇಕು ಎಂದಿಲ್ಲ. ಗಿಡ, ಬಲ್ಬ್, ದಾಳದ ಒಂದು ಎಸೆತ, ಯಾವುದನ್ನು ಬಿಡಿಬಿಡಿಯಾಗಿ ಆರಿಸಿ ನೋಡಿದ್ದೇವೋ ಅದು.

ಒಂದು ಕಾರ್ಡ್ ತೆಗೆದುಕೊಳ್ಳೋಣ. "ಒಂಬತ್ತನೇ ತರಗತಿಯಲ್ಲಿ ಶೇಕಡಾ 60, ಹತ್ತನೇ ತರಗತಿಯಲ್ಲಿ ಶೇಕಡಾ 48 ಮಕ್ಕಳು ದಿನಾ ಬೆಳಿಗ್ಗೆ ವ್ಯಾಯಾಮ ಮಾಡುತ್ತಾರೆ. ಈ ವ್ಯತ್ಯಾಸ ನಿಜವೇ?" ಇದನ್ನು ನೋಡಿದ ಹೆಚ್ಚಿನ ಮಕ್ಕಳು ಟಿ-ಟೆಸ್ಟ್ ಅನ್ನುತ್ತಾರೆ. ಯಾಕೆ ಅಂದರೆ 60 ಮತ್ತು 48 ಎರಡೂ ಸಂಖ್ಯೆ, ಎರಡು ಗುಂಪು ಇವೆ, ಟಿ-ಟೆಸ್ಟ್ ಎರಡು ಗುಂಪಿಗೆ ಅಂತ ಎಲ್ಲೋ ಕೇಳಿದ್ದಾರೆ. ಈಗ ಒಂದು ಸಾಲು ಬರೆಯಲಿ. ಮೊದಲ ಹುಡುಗಿ ಬಂದಳು. "ಒಂಬತ್ತನೇ ತರಗತಿ, ಹೌದು." ಮುಂದಿನವನು: "ಹತ್ತನೇ ತರಗತಿ, ಇಲ್ಲ." ಸಾಲಿನಲ್ಲಿ 60 ಎಲ್ಲಿದೆ? ಎಲ್ಲೂ ಇಲ್ಲ. ಅಲ್ಲಿರುವುದು ಬರೀ ಹೌದು-ಇಲ್ಲ. 60 ಎಂಬುದು ಎಲ್ಲ ಸಾಲುಗಳನ್ನು ಎಣಿಸಿದ ಮೇಲೆ ಹುಟ್ಟಿದ್ದು. ಹಾಗಾಗಿ ಇದು ಸರಾಸರಿಯ ಪ್ರಶ್ನೆಯಲ್ಲ, ಪ್ರಮಾಣದ ಪ್ರಶ್ನೆ. ಒಟ್ಟು ಜನರಲ್ಲಿ ಎಷ್ಟು ಪಾಲು ಹೌದು ಎಂದರು ಎಂಬುದನ್ನು ಇಲ್ಲಿ ಪ್ರಮಾಣ ಎನ್ನುತ್ತಿದ್ದೇನೆ.

ಇದರ ಬೆನ್ನಿಗೇ ಇನ್ನೊಂದು ಕಾರ್ಡ್ ಕೊಡಿ. "ಒಂದು ವಿಭಾಗದ ಮಕ್ಕಳು ಗಣಿತದಲ್ಲಿ ಸರಾಸರಿ ಶೇಕಡಾ 60 ಅಂಕ ತೆಗೆದರು, ಇನ್ನೊಂದು ವಿಭಾಗದವರು ಶೇಕಡಾ 48." ಇಲ್ಲೂ ಶೇಕಡಾ ಇದೆ, ಅದೇ ಅಂಕಿಗಳಿವೆ. ಆದರೆ ಒಂದು ಸಾಲು ಬರೆದರೆ "ಮೊದಲ ವಿಭಾಗ, 72" ಎಂದಾಗುತ್ತದೆ. ಸಾಲಿನೊಳಗೇ ಸಂಖ್ಯೆ ಇದೆ. ಇದು ಸರಾಸರಿಯ ಪ್ರಶ್ನೆ. ಈ ಎರಡು ಕಾರ್ಡ್‌ಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಸ್ವಲ್ಪ ಹೊತ್ತು ಮಾತಾಡದೆ ನಿಲ್ಲಿ. ಮಕ್ಕಳೇ ವ್ಯತ್ಯಾಸ ಹೇಳಲಿ. ಶೇಕಡಾ ಚಿಹ್ನೆ ನೋಡಿ ಟೆಸ್ಟ್ ಆರಿಸುವ ಅಭ್ಯಾಸ ಅಲ್ಲಿಗೆ ಬಿಡುತ್ತದೆ.

ಈ ಹಂತದಲ್ಲಿ ಎಡವುವ ಜಾಗಗಳು ಇನ್ನೂ ಇವೆ.

ಸಂಖ್ಯೆಯಂತೆ ಕಾಣುವ ಹೆಸರುಗಳು. ಆಟಗಾರನ ಜೆರ್ಸಿ ನಂಬರ್, ಫೋನ್ ನಂಬರ್, "ಗಂಡು 1, ಹೆಣ್ಣು 2" ಎಂಬ ಕೋಡ್. ಇವುಗಳ ಸರಾಸರಿ ತೆಗೆದರೆ ಅರ್ಥ ಇದೆಯೇ ಎಂದು ಕೇಳಿ. ಇಲ್ಲವಾದರೆ ಅದು ಲೇಬಲ್, ಸಂಖ್ಯೆಯಲ್ಲ. 1ರಿಂದ 5ರವರೆಗಿನ ರೇಟಿಂಗ್ ಇವೆರಡರ ನಡುವೆ ಬರುತ್ತದೆ, ಅಲ್ಲಿ ಕ್ರಮ ಇದೆ ಆದರೆ 1ಕ್ಕೂ 2ಕ್ಕೂ ಇರುವ ಅಂತರವೇ 4ಕ್ಕೂ 5ಕ್ಕೂ ಇದೆ ಎನ್ನಲಾಗದು. ಹೈಸ್ಕೂಲಿನಲ್ಲಿ ಇಷ್ಟು ಹೇಳಿ ಬಿಟ್ಟರೆ ಸಾಕು.

ಒಬ್ಬರನ್ನೇ ಹಲವು ಸಲ ಎಣಿಸುವುದು. 10 ಮಕ್ಕಳ ಓಟದ ವೇಗವನ್ನು 5 ಸಲ ಅಳೆದರೆ ಅಂಕಿಗಳು 50, ಸಾಲುಗಳು 10. ಸಾಲು ಅಂದರೆ ಮಗು, ಅಳತೆಯಲ್ಲ. 50 ಎಂದು ಬರೆದರೆ ನಮ್ಮ ಹತ್ತಿರ ಇರುವುದಕ್ಕಿಂತ ಹೆಚ್ಚು ಮಾಹಿತಿ ಇದೆ ಎಂದು ಟೆಸ್ಟ್ ನಂಬಿಬಿಡುತ್ತದೆ.

ಹಂತ 4: ಸಾಲಿನ ಕಾಲಂಗಳನ್ನು ನೋಡಿ ಟೆಸ್ಟ್ ಹೆಸರಿಸಿ

ಸಾಲು ಕೈಯಲ್ಲಿದೆ. ಈಗ ಅದರಲ್ಲಿ ಎಷ್ಟು ಕಾಲಂ ಇವೆ, ಒಂದೊಂದೂ ಸಂಖ್ಯೆಯೋ ಲೇಬಲ್ಲೋ ಎಂದು ಮಕ್ಕಳು ಗುರುತು ಹಾಕಲಿ. ಕ್ರಮಸಂಖ್ಯೆ, ಹೆಸರು ಇವೆಲ್ಲ ಲೆಕ್ಕಕ್ಕಿಲ್ಲ.

ಒಂದೇ ಕಾಲಂ, ಸಂಖ್ಯೆ: ಮೊದಲೇ ಗೊತ್ತಿರುವ ಒಂದು ಬೆಲೆಗೆ ಸರಾಸರಿಯನ್ನು ಹೋಲಿಸುತ್ತಿದ್ದೇವೆ. ಒಂದು ಸ್ಯಾಂಪಲ್ಲಿನ ಟಿ-ಟೆಸ್ಟ್. ಸ್ಯಾಂಪಲ್ ಅಂದರೆ ಇಡೀ ಸಮೂಹದಿಂದ ಆರಿಸಿ ತೆಗೆದ ಒಂದು ಭಾಗ.

ಒಂದೇ ಕಾಲಂ, ಹೌದು-ಇಲ್ಲ: ಒಂದು ಪ್ರಮಾಣದ ಝೆಡ್-ಟೆಸ್ಟ್, ಅಂದರೆ ಸಿಕ್ಕ ಪ್ರಮಾಣವನ್ನು ಮೊದಲೇ ಗೊತ್ತಿರುವ ಪ್ರಮಾಣಕ್ಕೆ ಹೋಲಿಸುವುದು.

ಒಂದೇ ಕಾಲಂ, ಹಲವು ಲೇಬಲ್ (ಎರಡೇ ಇದ್ದರೂ ನಡೆಯುತ್ತದೆ): ಕೈ-ಸ್ಕ್ವೇರ್ ಹೊಂದಾಣಿಕೆ ಟೆಸ್ಟ್. ನಾವು ನಿರೀಕ್ಷಿಸಿದ ಹಂಚಿಕೆಗೂ ಸಿಕ್ಕ ಎಣಿಕೆಗೂ ಹೊಂದುತ್ತದೆಯೇ ಎಂದು ನೋಡುವುದು.

ಎರಡು ಕಾಲಂ, ಎರಡೂ ಲೇಬಲ್: ಕೈ-ಸ್ಕ್ವೇರ್ ಸಂಬಂಧದ ಟೆಸ್ಟ್. ಎರಡರಲ್ಲೂ ಎರಡೆರಡೇ ಲೇಬಲ್ ಇದ್ದರೆ ಎರಡು ಪ್ರಮಾಣಗಳ ಝೆಡ್-ಟೆಸ್ಟ್ ಕೂಡ ಆಗುತ್ತದೆ. ಹೀಗಿದ್ದಾಗ ಝೆಡ್ ಬೆಲೆಯನ್ನು (ಟೆಸ್ಟಿನ ಲೆಕ್ಕದಿಂದ ಬರುವ ಸಂಖ್ಯೆಯನ್ನು) ಅದರಿಂದಲೇ ಗುಣಿಸಿದರೆ ಸರಿಯಾಗಿ ಕೈ-ಸ್ಕ್ವೇರ್ ಬೆಲೆಯೇ ಬರುತ್ತದೆ. ಲೆಕ್ಕ ಮಾಡಿ ತೋರಿಸಿ, ಮಕ್ಕಳಿಗೆ ಖುಷಿಯಾಗುತ್ತದೆ.

ಎರಡು ಕಾಲಂ, ಒಂದು ಲೇಬಲ್ ಒಂದು ಸಂಖ್ಯೆ: ಲೇಬಲ್ ಎರಡು ಬಗೆಯದಾದರೆ ಎರಡು ಸ್ಯಾಂಪಲ್ಲಿನ ಟಿ-ಟೆಸ್ಟ್. ಮೂರು ಅಥವಾ ಹೆಚ್ಚಾದರೆ ಅನೋವಾ, ಅಂದರೆ ಹಲವು ಗುಂಪುಗಳ ಸರಾಸರಿಯನ್ನು ಒಟ್ಟಿಗೇ ಹೋಲಿಸುವ ಟೆಸ್ಟ್.

ಎರಡು ಕಾಲಂ, ಎರಡೂ ಸಂಖ್ಯೆ: ಇಲ್ಲಿ ನಿಲ್ಲಬೇಕು, ಎರಡು ದಾರಿಗಳಿವೆ. ಒಂದೇ ಸಂಗತಿಯನ್ನು ಎರಡು ಸಲ ಅಳೆದು (ಮೊದಲು, ನಂತರ) ಎಷ್ಟು ಬದಲಾಯಿತು ಎಂದು ಕೇಳುತ್ತಿದ್ದರೆ ಜೋಡಿ ಟಿ-ಟೆಸ್ಟ್. ಎರಡು ಬೇರೆ ಸಂಗತಿಗಳನ್ನು (ಎತ್ತರ, ತೂಕ) ಅಳೆದು ಒಂದರ ಜೊತೆ ಇನ್ನೊಂದು ಏರುತ್ತದೆಯೇ ಎಂದು ಕೇಳುತ್ತಿದ್ದರೆ ಕೋರಿಲೇಷನ್, ಅಂದರೆ ಸಹಸಂಬಂಧದ ಟೆಸ್ಟ್.

ಇದನ್ನು ನೀವು ಬೋರ್ಡಿನ ಮೇಲೆ ಸಿದ್ಧವಾಗಿ ಬರೆಯಬೇಡಿ. ಐದಾರು ಕಾರ್ಡ್‌ಗಳ ಸಾಲು ಬರೆಸಿದ ಮೇಲೆ ಮಕ್ಕಳ ಕೈಯಲ್ಲೇ ಈ ಪಟ್ಟಿ ಮಾಡಿಸಿ. ತಾವೇ ಮಾಡಿದ ಪಟ್ಟಿ ಮರೆಯುವುದಿಲ್ಲ.

ಟಿ ಮತ್ತು ಝೆಡ್ ನಡುವಿನ ಗೊಂದಲಕ್ಕೆ ಒಂದೇ ಮಾತು. ಸರಾಸರಿಯ ಪ್ರಶ್ನೆಯಾದರೆ, ಇಡೀ ಸಮೂಹದ ಮಾನಕ ವಿಚಲನೆ ಮೊದಲೇ ಗೊತ್ತಿದ್ದಾಗ ಮಾತ್ರ ಝೆಡ್. ನಿಜಜೀವನದಲ್ಲಿ ಅದು ಗೊತ್ತಿರುವುದು ಬಹಳ ಅಪರೂಪ, ಹಾಗಾಗಿ ಟಿ. ಡಬ್ಲಿನ್ನಿನ ಒಂದು ಬಿಯರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಗಾಸೆಟ್ ಇದೇ ಕಷ್ಟ ಎದುರಿಸಿ, ಚಿಕ್ಕ ಸ್ಯಾಂಪಲ್‌ಗಳಿಗೆ ಹೊಂದುವ ದಾರಿಯನ್ನು 1908ರಲ್ಲಿ "ಸ್ಟೂಡೆಂಟ್" ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಸ್ಟೂಡೆಂಟ್ ಟಿ-ಟೆಸ್ಟ್ ಅನ್ನುವ ಹೆಸರು ಬಂದದ್ದು ಅಲ್ಲಿಂದ. ಅದು ವಿದ್ಯಾರ್ಥಿಗಳಿಗಾಗಿ ಮಾಡಿದ ಸುಲಭದ ಟೆಸ್ಟ್ ಎಂದು ಮಕ್ಕಳು ತಿಳಿದುಕೊಂಡಿರುತ್ತಾರೆ, ತಿದ್ದಿ.

ಕೈ-ಸ್ಕ್ವೇರ್‌ಗೆ ಮೆಂಡಲ್‌ನ ಬಟಾಣಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಮಕ್ಕಳು ಜೀವಶಾಸ್ತ್ರದಲ್ಲಿ ಓದಿಯೇ ಇರುತ್ತಾರೆ. ಸಾಲು ಅಂದರೆ ಒಂದು ಕಾಳು, ಅದರ ಪಕ್ಕ "ದುಂಡು" ಅಥವಾ "ಸುಕ್ಕು". ಅವನಿಗೆ ಸಿಕ್ಕಿದ್ದು 5474 ದುಂಡು, 1850 ಸುಕ್ಕು, ಒಟ್ಟು 7324. ಅವನ ನಿಯಮದ ಪ್ರಕಾರ ದುಂಡು-ಸುಕ್ಕು 3ಕ್ಕೆ 1ರಂತೆ ಬರಬೇಕು, ಹಾಗಾಗಿ ಇರಬೇಕಾದದ್ದು 5493 ಮತ್ತು 1831. ಎರಡರಲ್ಲೂ ವ್ಯತ್ಯಾಸ 19. ಆ 19ರ ವರ್ಗವನ್ನು 5493ರಿಂದ ಒಮ್ಮೆ, 1831ರಿಂದ ಒಮ್ಮೆ ಭಾಗಿಸಿ ಕೂಡಿದರೆ ಕೈ-ಸ್ಕ್ವೇರ್ ಸುಮಾರು 0.26. ಇಲ್ಲಿ ಶೇಕಡಾ 5ರ ಗಡಿ (ಪಿ 0.05ಕ್ಕಿಂತ ಕಡಿಮೆಯಾಗಲು ದಾಟಬೇಕಾದ ಬೆಲೆ) 3.84. ಅದರ ಹತ್ತಿರಕ್ಕೂ ಬಂದಿಲ್ಲ. ಹಾಗೆಂದು 3:1 ಸಾಬೀತಾಯಿತು ಎಂದು ಬರೆಯಬಾರದು. "ಈ ಎಣಿಕೆ 3:1ಕ್ಕೆ ವಿರುದ್ಧವಾಗಿಲ್ಲ" ಎಂದಷ್ಟೇ ಬರೆಯಬೇಕು.

ಕೈ-ಸ್ಕ್ವೇರ್‌ನಲ್ಲಿ ಎಲ್ಲರೂ ಮಾಡುವ ತಪ್ಪು, ಎಣಿಕೆಯ ಬದಲು ಶೇಕಡಾ ಹಾಕುವುದು. ನಾಣ್ಯ ಚಿಮ್ಮಿದಾಗ ಶೇಕಡಾ 60 ಹೆಡ್ ಬಂತು ಎಂದುಕೊಳ್ಳಿ. 10 ಸಲ ಚಿಮ್ಮಿದ್ದರೆ ಕೈ-ಸ್ಕ್ವೇರ್ 0.4. 100 ಸಲವಾದರೆ 4. 1000 ಸಲವಾದರೆ 40. ಮೂರರಲ್ಲೂ ಅದೇ ಶೇಕಡಾ 60! ಮೊದಲನೆಯದು ಏನೂ ಅಲ್ಲ, ಎರಡನೆಯದು ಗಡಿ ದಾಟಿದೆ, ಮೂರನೆಯದಂತೂ ನಾಣ್ಯವನ್ನು ನಂಬಲೇಬೇಡಿ ಅನ್ನುತ್ತಿದೆ. ಶೇಕಡಾ ಹಾಕಿದ ಮಗು ತನಗೇ ಗೊತ್ತಿಲ್ಲದೆ 100 ಸಲ ಚಿಮ್ಮಿದೆ ಎಂದು ಸುಳ್ಳು ಹೇಳಿದಂತಾಗುತ್ತದೆ.

ಹಂತ 5: ಜೋಡಿಯೋ, ಬೇರೆ ಬೇರೆಯೋ

ಪಟ್ಟಿ ಬಾಯಿಪಾಠ ಆದವರೂ ತಪ್ಪುವ ಜಾಗ ಇದು. ಯಾಕೆ ಅಂದರೆ ಪ್ರಶ್ನೆಯಲ್ಲಿ ಅಂಕಿಗಳನ್ನು ಎರಡು ಪಟ್ಟಿಯಾಗಿ ಕೊಟ್ಟಿರುತ್ತಾರೆ, ಎರಡು ಪಟ್ಟಿ ಕಂಡ ಕೂಡಲೇ ಎರಡು ಗುಂಪು ಎಂದುಕೊಳ್ಳುತ್ತಾರೆ.

ಗಾಸೆಟ್ 1908ರ ಅದೇ ಲೇಖನದಲ್ಲಿ ಬಳಸಿದ ನಿದ್ದೆಯ ಡೇಟಾ ತರಗತಿಗೆ ಹೇಳಿ ಮಾಡಿಸಿದಂತಿದೆ. 10 ರೋಗಿಗಳು, ಎರಡು ಔಷಧಿ, ಪ್ರತಿ ಔಷಧಿಯಿಂದ ಎಷ್ಟು ಗಂಟೆ ನಿದ್ದೆ ಹೆಚ್ಚಾಯಿತು ಎಂಬ ಲೆಕ್ಕ.

ಮೊದಲ ಔಷಧಿ: 0.7, -1.6, -0.2, -1.2, -0.1, 3.4, 3.7, 0.8, 0.0, 2.0
ಎರಡನೇ ಔಷಧಿ: 1.9, 0.8, 1.1, 0.1, -0.1, 4.4, 5.5, 1.6, 4.6, 3.4

ಮೊದಲನೆಯದರ ಸರಾಸರಿ 0.75 ಗಂಟೆ, ಎರಡನೆಯದರದ್ದು 2.33. ವ್ಯತ್ಯಾಸ 1.58 ಗಂಟೆ. ಈ ಎರಡು ಪಟ್ಟಿಯನ್ನು ಬೇರೆ ಬೇರೆ ಜನರದ್ದು ಎಂದು ತಿಳಿದು ಟಿ-ಟೆಸ್ಟ್ ಹಾಕಿದರೆ ಟಿ ಬೆಲೆ 1.86, ಪಿ ಸುಮಾರು 0.08. 0.05ಕ್ಕಿಂತ ಜಾಸ್ತಿ. "ಎರಡು ಔಷಧಿಗಳ ನಡುವೆ ವ್ಯತ್ಯಾಸ ಇದೆ ಎನ್ನಲು ಆಧಾರ ಸಾಲದು" ಎಂದು ಬರೆದು ಮುಗಿಸುತ್ತಾರೆ.

ಈಗ ಒಂದು ಸಾಲು ಬರೆಸಿ. ಮೊದಲ ರೋಗಿ: 0.7, 1.9. ಒಬ್ಬರೇ ವ್ಯಕ್ತಿ, ಎರಡು ಅಂಕಿ, ಒಂದೇ ಸಾಲಿನಲ್ಲಿ. ಆ ಸಾಲಿನ ಕೊನೆಗೆ ಮೂರನೇ ಕಾಲಂ ಸೇರಿಸಿ, ವ್ಯತ್ಯಾಸ ಬರೆಯಿರಿ: 1.2. ಹೀಗೆ ಹತ್ತೂ ಸಾಲು ಮಾಡಿದರೆ 1.2, 2.4, 1.3, 1.3, 0, 1.0, 1.8, 0.8, 4.6, 1.4. ನೋಡಿ, ಒಂದೂ ಮೈನಸ್ ಇಲ್ಲ. ಈಗ ಈ ಒಂದೇ ಕಾಲಂಗೆ ಒಂದು ಸ್ಯಾಂಪಲ್ಲಿನ ಟಿ-ಟೆಸ್ಟ್ ಹಾಕಿ, ವ್ಯತ್ಯಾಸದ ಸರಾಸರಿ ಸೊನ್ನೆಯೇ ಎಂದು ಕೇಳಿ. ಟಿ ಬೆಲೆ 4.06, ಪಿ ಸುಮಾರು 0.003.

ಅದೇ ಅಂಕಿಗಳು, ಅದೇ 1.58 ಗಂಟೆ. ಉತ್ತರ ಮಾತ್ರ ಪೂರ್ತಿ ಬೇರೆ. ಯಾಕೆ ಎಂದು ಮಕ್ಕಳನ್ನೇ ಕೇಳಿ. ಕೆಲವರಿಗೆ ಯಾವ ಔಷಧಿ ಕೊಟ್ಟರೂ ಚೆನ್ನಾಗಿ ನಿದ್ದೆ ಬರುತ್ತದೆ, ಕೆಲವರಿಗೆ ಯಾವುದರಿಂದಲೂ ಅಷ್ಟಾಗಿ ಬರುವುದಿಲ್ಲ. ಆರನೇ ಮತ್ತು ಏಳನೇ ರೋಗಿಯನ್ನು ನೋಡಿದರೆ ಗೊತ್ತಾಗುತ್ತದೆ. ಜನರ ನಡುವಿನ ಈ ಏರುಪೇರು ಎಷ್ಟು ದೊಡ್ಡದು ಅಂದರೆ, ಬೇರೆ ಬೇರೆ ಗುಂಪು ಎಂದುಕೊಂಡಾಗ ಔಷಧಿಯ ಪರಿಣಾಮ ಅದರಲ್ಲಿ ಮುಳುಗಿಹೋಗುತ್ತದೆ. ಒಬ್ಬರನ್ನು ಅವರಿಗೇ ಹೋಲಿಸಿದಾಗ ಆ ಏರುಪೇರು ಕಳೆದುಹೋಗುತ್ತದೆ.

ಈ ಲೆಕ್ಕಕ್ಕೆ ಒಂದು ಪೂರ್ತಿ ಪೀರಿಯಡ್ ಕೊಡಿ. ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ. ತಪ್ಪು ಟೆಸ್ಟ್ ಆರಿಸಿದರೆ ಉತ್ತರವೇ ಬದಲಾಗುತ್ತದೆ ಎಂಬುದನ್ನು ಮಗು ತನ್ನ ಕೈಯಾರೆ ಮಾಡಿದ ಲೆಕ್ಕದಲ್ಲಿ ಕಾಣುವುದು ಇಲ್ಲೇ.

ಜೋಡಿ ಅಂದರೆ ಒಬ್ಬರೇ ವ್ಯಕ್ತಿ ಎಂದಷ್ಟೇ ಅಲ್ಲ. ಅವಳಿಗಳು, ಒಂದೇ ಗಿಡದ ಎರಡು ಎಲೆ, ಇವೂ ಜೋಡಿಯೇ. ಪರೀಕ್ಷಿಸಲು ಸುಲಭದ ದಾರಿ ಇದೆ: ಎರಡನೇ ಪಟ್ಟಿಯ ಅಂಕಿಗಳನ್ನು ಹಿಂದೆಮುಂದೆ ಮಾಡಿದರೆ ಏನಾದರೂ ಹಾಳಾಗುತ್ತದೆಯೇ? ಹಾಳಾದರೆ ಜೋಡಿ. ಆಗದಿದ್ದರೆ ಬೇರೆ ಬೇರೆ. ಎರಡೂ ಪಟ್ಟಿಯಲ್ಲಿ ಅಷ್ಟಷ್ಟೇ ಅಂಕಿಗಳಿವೆ ಎಂಬ ಒಂದೇ ಕಾರಣಕ್ಕೆ ಜೋಡಿ ಎನ್ನಬಾರದು.

ಹಂತ 6: ಮೂರು ಗುಂಪು ಬಂದಾಗ

ಮೂರು ಗುಂಪು ಇದ್ದರೆ ಎರಡೆರಡನ್ನು ತೆಗೆದು ಮೂರು ಟಿ-ಟೆಸ್ಟ್ ಹಾಕಬಹುದಲ್ವಾ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಒಂದೊಂದು ಟೆಸ್ಟ್‌ನಲ್ಲೂ ಇಲ್ಲದ ವ್ಯತ್ಯಾಸವನ್ನು ಇದೆ ಎಂದುಬಿಡುವ ಅಪಾಯ ಶೇಕಡಾ 5. ಟೆಸ್ಟ್‌ಗಳು ಒಂದಕ್ಕೊಂದು ಸಂಬಂಧ ಇಲ್ಲದವು ಎಂದುಕೊಂಡು ಲೆಕ್ಕ ಹಾಕಿದರೆ, ಮೂರರಲ್ಲಿ ಒಂದಾದರೂ ಹೀಗೆ ತಪ್ಪುವ ಸಾಧ್ಯತೆ ಶೇಕಡಾ 14ರಷ್ಟು. ಐದು ಗುಂಪಾದರೆ ಹತ್ತು ಜೋಡಿ, ಶೇಕಡಾ 40. ಅದಕ್ಕೇ ಅನೋವಾ. ನಿಮ್ಮ ಪಠ್ಯದಲ್ಲಿ ಅನೋವಾ ಇಲ್ಲವಾದರೆ ಹೆಸರು ಮತ್ತು ಈ ಕಾರಣ ಹೇಳಿ ಮುಂದೆ ಹೋಗಿ. ಅನೋವಾ "ಎಲ್ಲೋ ವ್ಯತ್ಯಾಸ ಇದೆ" ಎನ್ನುತ್ತದೆಯೇ ಹೊರತು ಯಾವ ಗುಂಪು ಎಂದು ಹೇಳುವುದಿಲ್ಲ, ಅದನ್ನೂ ಸೇರಿಸಿ.

ಹಂತ 7: ಷರತ್ತು ನೋಡಿ

ಟೆಸ್ಟ್ ಆರಿಸಿದ ಮೇಲೆ ಅದರ ಷರತ್ತು ನೋಡಬೇಕು. ಮಕ್ಕಳು "ಷರತ್ತುಗಳು ಪೂರೈಸಿವೆ" ಎಂದು ಒಂದು ಸಾಲು ಗೀಚಿ ಮುಗಿಸುತ್ತಾರೆ, ಅದನ್ನು ಒಪ್ಪಬೇಡಿ. ಏನು ನೋಡಿದೆ, ಏನು ಕಂಡಿತು ಎಂದು ಬರೆಯಲಿ.

ಟಿ-ಟೆಸ್ಟ್‌ಗೆ ಅಂಕಿಗಳನ್ನು ಒಂದು ಗೆರೆಯ ಮೇಲೆ ಚುಕ್ಕಿ ಇಟ್ಟು ನೋಡಬೇಕು. ಸ್ಯಾಂಪಲ್ ಚಿಕ್ಕದಿದ್ದಾಗ ಒಂದು ಚುಕ್ಕಿ ಬಹಳ ದೂರ ಹೋಗಿದ್ದರೆ, ಅಥವಾ ಎಲ್ಲ ಚುಕ್ಕಿ ಒಂದೇ ಕಡೆ ಗುಂಪುಗಟ್ಟಿ ಇನ್ನೊಂದು ಕಡೆ ಉದ್ದ ಬಾಲ ಇದ್ದರೆ ಎಚ್ಚರ. ಸ್ಯಾಂಪಲ್ 30 ದಾಟಿದರೆ ಸಾಮಾನ್ಯವಾಗಿ ಇಷ್ಟು ಹೆದರಬೇಕಾಗಿಲ್ಲ ಎಂಬುದು ಪಠ್ಯಗಳ ವಾಡಿಕೆ. ಕೈ-ಸ್ಕ್ವೇರ್‌ಗೆ ಕೋಷ್ಟಕದ ಪ್ರತಿ ಮನೆಯ (ಪ್ರತಿ ಚೌಕದ) ನಿರೀಕ್ಷಿತ ಎಣಿಕೆ ಕನಿಷ್ಠ 5 ಇರಲಿ. ನಿರೀಕ್ಷಿತ ಎಣಿಕೆ, ಸಿಕ್ಕಿದ ಎಣಿಕೆಯಲ್ಲ. ಇದನ್ನು ಅದಲುಬದಲು ಮಾಡುವವರು ತುಂಬ ಜನ. ಎಲ್ಲಕ್ಕಿಂತ ಮುಖ್ಯ, ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಂಟು ಇರಬಾರದು.

ಷರತ್ತು ಕೈಕೊಟ್ಟರೆ? ಮೇಲಿನ ನಿದ್ದೆಯ ಡೇಟಾದ ವ್ಯತ್ಯಾಸಗಳಲ್ಲೇ 4.6 ಎಂಬ ಅಂಕಿ ಉಳಿದವುಗಳಿಂದ ದೂರ ನಿಂತಿದೆ. ಅದನ್ನು ಅಳಿಸಿಹಾಕಬಾರದು. ಬದಲಿಗೆ ಬರೀ ಪ್ಲಸ್-ಮೈನಸ್ ಎಣಿಸುವ ಸೈನ್ ಟೆಸ್ಟ್ ಹಾಕಬಹುದು. ಸೊನ್ನೆಯನ್ನು ಬಿಟ್ಟರೆ ಒಂಬತ್ತಕ್ಕೆ ಒಂಬತ್ತೂ ಪ್ಲಸ್. ನಾಣ್ಯವನ್ನು 9 ಸಲ ಚಿಮ್ಮಿ ಎಲ್ಲವೂ ಒಂದೇ ಮುಖ ಬೀಳುವ ಸಾಧ್ಯತೆ 512ಕ್ಕೆ 2, ಅಂದರೆ 0.004. ಸೂತ್ರವೇ ಬೇಡ! ಇದೇ ತರ್ಕವನ್ನು ವೈದ್ಯ ಜಾನ್ ಆರ್ಬತ್ನಾಟ್ 1710ರಲ್ಲೇ ಬಳಸಿದ್ದರು. ಲಂಡನ್ನಿನ 82 ವರ್ಷಗಳ ದಾಖಲೆಯಲ್ಲಿ ಪ್ರತಿ ವರ್ಷವೂ ಗಂಡುಮಕ್ಕಳ ಸಂಖ್ಯೆಯೇ ಹೆಚ್ಚಿದ್ದದ್ದು ಆಕಸ್ಮಿಕ ಆಗಿರಲಾರದು ಎಂದು ತೋರಿಸಲು. ಸೈನ್ ಟೆಸ್ಟ್ ಪಠ್ಯದಲ್ಲಿ ಇಲ್ಲದಿದ್ದರೂ ಹತ್ತು ನಿಮಿಷ ಕೊಡಿ ಎಂದು ನನ್ನ ಸಲಹೆ.

ಹಂತ 8: ಡೇಟಾ ನೋಡುವ ಮೊದಲೇ ಟೆಸ್ಟ್ ಬರೆದಿಡಿಸಿ

ಎರಡು ಟೆಸ್ಟ್ ಹಾಕಿ, ಯಾವುದರಲ್ಲಿ ಪಿ ಚಿಕ್ಕದು ಬಂತೋ ಅದನ್ನು ಬರೆಯುವುದು ಮೋಸ. ಮಕ್ಕಳಿಗೆ ಹಾಗೆಂದು ಗೊತ್ತಿರುವುದಿಲ್ಲ, ಒಳ್ಳೆಯ ಉತ್ತರ ಹುಡುಕಿದೆ ಎಂದೇ ಅಂದುಕೊಂಡಿರುತ್ತಾರೆ. ಹಾಗಾಗಿ ಕಾರ್ಡಿನ ಮುಂಬದಿಯಲ್ಲಿ ಪ್ರಶ್ನೆ, ಹಿಂಬದಿಯಲ್ಲಿ ಅಂಕಿಗಳು ಇರಲಿ. ಮುಂಬದಿ ಓದಿ, ಸಾಲು ಬರೆದು, ಟೆಸ್ಟ್ ಹೆಸರಿಸಿದ ಮೇಲೆಯೇ ಕಾರ್ಡ್ ತಿರುಗಿಸಬೇಕು.

ಟೆಸ್ಟ್ ಒಂದು ಬದಿಯದೋ ಎರಡು ಬದಿಯದೋ (ವ್ಯತ್ಯಾಸವನ್ನು ಒಂದೇ ದಿಕ್ಕಿನಲ್ಲಿ ನೋಡುವುದೋ ಎರಡೂ ದಿಕ್ಕಿನಲ್ಲೋ) ಎಂಬುದನ್ನೂ ಆಗಲೇ ತೀರ್ಮಾನಿಸಬೇಕು. "ಬದಲಾಗಿದೆಯೇ" ಎಂದು ಕೇಳಿದರೆ ಎರಡು ಬದಿ, "ಹೆಚ್ಚಾಗಿದೆಯೇ" ಎಂದು ಮಾತ್ರ ಕೇಳಿದರೆ ಒಂದು ಬದಿ. ಅಂಕಿ ಯಾವ ಕಡೆ ವಾಲಿದೆ ಎಂದು ನೋಡಿದ ಮೇಲೆ ಒಂದು ಬದಿ ಆರಿಸಿದರೆ ಪಿ-ವ್ಯಾಲ್ಯೂ ಅರ್ಧಕ್ಕಿಳಿಯುತ್ತದೆ, ಆ ಅರ್ಧ ನಮಗೆ ಸೇರಿದ್ದಲ್ಲ. ಸಂಶಯ ಇದ್ದರೆ ಎರಡು ಬದಿಯೇ ಇರಲಿ.

ಹಂತ 9: ಕಲಸಿದ ಕಾರ್ಡ್‌ಗಳಿಂದ ಅಭ್ಯಾಸ

ಈಗ ಎಲ್ಲ ಕಾರ್ಡ್ ಕಲಸಿ ಹಂಚಿ. ಒಂದು ಕಾರ್ಡ್‌ಗೆ ಮೂರೇ ನಿಮಿಷ, ಲೆಕ್ಕ ಬೇಡ. ಸಾಲು, ಟೆಸ್ಟಿನ ಹೆಸರು, ಯಾಕೆ ಎಂಬ ಒಂದು ವಾಕ್ಯ. ಅಂಕ ಕೊಡುವುದಾದರೆ ಸಾಲಿಗೆ ಹೆಚ್ಚು ಕೊಡಿ. ಸಾಲು ಸರಿ ಇದ್ದು ಹೆಸರು ತಪ್ಪಿದ್ದರೆ ಬೇಗ ತಿದ್ದಬಹುದು, ಸಾಲು ತಪ್ಪಿ ಹೆಸರು ಸರಿಯಾಗಿದ್ದರೆ ಅದು ಊಹೆ.

ಶುರುಮಾಡಲು ಕೆಲವು ಕಾರ್ಡ್ ಇಲ್ಲಿವೆ. ಒಂದು ದಾಳವನ್ನು 120 ಸಲ ಉರುಳಿಸಿ ಆರೂ ಮುಖ ಸಮವಾಗಿ ಬೀಳುತ್ತಿವೆಯೇ ಎಂದು ಕೇಳಿದರೆ, ಸಾಲು ಅಂದರೆ ಒಂದು ಎಸೆತ, ಒಂದೇ ಲೇಬಲ್, ಕೈ-ಸ್ಕ್ವೇರ್ ಹೊಂದಾಣಿಕೆ ಟೆಸ್ಟ್. ದಾಳದ ಮೇಲೆ ಸಂಖ್ಯೆ ಇದೆ ಎಂದು ಟಿ-ಟೆಸ್ಟ್ ಎನ್ನುವವರು ಸಿಗುತ್ತಾರೆ, ಈ ಕಾರ್ಡ್ ಇಟ್ಟಿರುವುದೇ ಅದಕ್ಕೆ. 25 ಮಕ್ಕಳ ನಾಡಿಬಡಿತವನ್ನು ಓಟದ ಮೊದಲು ಮತ್ತು ನಂತರ ಅಳೆದರೆ ಜೋಡಿ ಟಿ-ಟೆಸ್ಟ್. 20 ಮಕ್ಕಳು ಸಂಗೀತ ಕೇಳುತ್ತಾ, ಬೇರೆ 20 ಮಕ್ಕಳು ಮೌನದಲ್ಲಿ ಓದಿ, ಎಷ್ಟು ಪದ ನೆನಪಿವೆ ಎಂದು ಎಣಿಸಿದರೆ ಎರಡು ಸ್ಯಾಂಪಲ್ಲಿನ ಟಿ-ಟೆಸ್ಟ್. ಎಡಗೈ-ಬಲಗೈ ಬಳಕೆಗೂ ಕನ್ನಡಕ ಹಾಕುವುದಕ್ಕೂ ಸಂಬಂಧ ಇದೆಯೇ ಎಂದರೆ ಎರಡು ಲೇಬಲ್, ಕೈ-ಸ್ಕ್ವೇರ್ ಸಂಬಂಧದ ಟೆಸ್ಟ್. ರಾತ್ರಿ ಮಲಗಿದ ಗಂಟೆಗಳಿಗೂ ಮರುದಿನದ ಅಂಕಕ್ಕೂ ಸಂಬಂಧ ಇದೆಯೇ ಎಂದರೆ ಎರಡು ಬೇರೆ ಸಂಗತಿಗಳ ಸಂಖ್ಯೆ, ಕೋರಿಲೇಷನ್.

ಕೊನೆಗೆ ಈ ಕಾರ್ಡ್ ಕೊಡಿ. "ಎರಡು ಕುಂಡಗಳಿವೆ, ಒಂದೊಂದರಲ್ಲಿ 15 ಸಸಿ. ಒಂದು ಕುಂಡಕ್ಕೆ ಗೊಬ್ಬರ ಹಾಕಿದೆವು, ಇನ್ನೊಂದಕ್ಕೆ ಹಾಕಲಿಲ್ಲ. ತಿಂಗಳ ನಂತರ 30 ಸಸಿಗಳ ಎತ್ತರ ಅಳೆದೆವು. ಗೊಬ್ಬರದಿಂದ ಸಸಿ ಎತ್ತರ ಬೆಳೆಯಿತೇ?" ಹೆಚ್ಚುಕಮ್ಮಿ ಇಡೀ ತರಗತಿ ಎರಡು ಸ್ಯಾಂಪಲ್ಲಿನ ಟಿ-ಟೆಸ್ಟ್ ಎನ್ನುತ್ತದೆ. ಆಗ ಕೇಳಿ, ಗೊಬ್ಬರ ಹಾಕಿದ್ದು ಯಾವುದಕ್ಕೆ, ಸಸಿಗೋ ಕುಂಡಕ್ಕೋ? ಒಂದು ಕುಂಡ ಕಿಟಕಿಯ ಪಕ್ಕ ಇದ್ದಿದ್ದರೆ 15 ಸಸಿಗೂ ಒಟ್ಟಿಗೇ ಬಿಸಿಲು ಸಿಕ್ಕಿರುತ್ತದೆ. ಇಲ್ಲಿ ಸಾಲು ಅಂದರೆ ಕುಂಡ. ಸಾಲುಗಳು ಎರಡೇ, ಒಂದು ಗುಂಪಿಗೆ ಒಂದು. ಯಾವ ಟೆಸ್ಟೂ ಹಾಕಲು ಬರುವುದಿಲ್ಲ, ಇನ್ನಷ್ಟು ಕುಂಡ ಬೇಕು ಎಂದು ಯಾವ ಮಗು ಬರೆಯುತ್ತದೋ ಅದಕ್ಕೆ ಪೂರ್ತಿ ಅಂಕ ಕೊಡಿ.